ನಲವತ್ತಮೂರು ಮಾತಿಗೆ ನಲವತ್ತಮೂರು ಸೀಲು

ಗುರುವಾರ ಬೆಳಗಿನ ಐದೂಮುಕ್ಕಾಲು. ರಾಜಾನುಕುಂಟೆಯಿಂದ ಎರಡು ಕಿಲೋಮೀಟರ್ ಒಳಗಿರುವ ಹಳ್ಳಿಯ ಹಾಲಿನ ಡೈರಿ ಮುಂದೆ ಕ್ಯಾನು, ಬಕೆಟ್ ಹಿಡಿದವರ ಸಾಲು ಉದ್ದವಾಗುತ್ತಿದೆ. ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಕೂತಿದ್ದಾರೆ ರಾಧಾಮಣಿ. ವಯಸ್ಸು ನಲವತ್ತಾರು, ಊರಿನ ಗ್ರಂಥಾಲಯದ ಮೇಲ್ವಿಚಾರಕಿ. ಹಾಲು ಹಾಕಿ ಬಂದವರನ್ನೆಲ್ಲ ಹಿಡಿದು ನಿಲ್ಲಿಸಿ ಅಭಿಪ್ರಾಯ ಬರೆದುಕೊಳ್ಳುತ್ತಿದ್ದಾರೆ.

"ಹೇಳಿ ಮುನಿಗಂಗಕ್ಕ, ಫೋನು, ಕಂಪ್ಯೂಟರ್ ಕ್ಲಾಸು ಎಷ್ಟೊತ್ತಿಗಿದ್ರೆ ಬರ್ತೀರಾ?"

ಮೂರು ಹಸು ಸಾಕಿರುವ ಮುನಿಗಂಗಮ್ಮ ಖಾಲಿ ಕ್ಯಾನು ಕೆಳಗಿಡುತ್ತಾರೆ. "ಅನ್ನೊಂದಕ್ಕೆ ಸುರು ಮಾಡಿ ಎರಡಕ್ಕೆ ಬುಟ್ಬುಡ್ಲಿ. ಯಲಹಂಕದಲ್ಲಿ ಐದಕ್ಕೆ ಬುಟ್ರೆ ನಾನು ಊರು ಸೇರಾದು ಯಾವಾಗ? ಅಸ ಅಲ್ಲೀಗಂಟ ಕಾಯ್ತದಾ? ಅದು ಮೇವು ಬುಟ್ರೆ ಫೋಟೋ ಕಳ್ಸಮ್ಮ ಅಂತಾರೆ ಡಾಕ್ಟ್ರು. ಅದಕ್ಕೂ ಪಕ್ಕದ್ಮನೆ ಬಾಗ್ಲು ತಟ್ಬೇಕು ನಾನು."

ರಾಧಾಮಣಿ ಒಂದಕ್ಷರ ತಿದ್ದದೆ ಬರೆಯುತ್ತಾರೆ. ಬರೆದದ್ದನ್ನು ಗಟ್ಟಿಯಾಗಿ ಓದಿ, "ಇದೇನಾ ನೀವಂದಿದ್ದು?" ಎಂದು ಕೇಳುತ್ತಾರೆ. ಹೌದೆಂದ ಮೇಲೆ ಸಹಿ, ಬಾರದವರಿಗೆ ಹೆಬ್ಬೆಟ್ಟು. ಒಬ್ಬರಿಗೆ ನಾಲ್ಕು ನಿಮಿಷ. ಡೈರಿ ಬಾಗಿಲು ಹಾಕುವ ಏಳೂವರೆಯೊಳಗೆ ಇಪ್ಪತ್ತೆರಡು ಜನ ಆದರೆ ಅವತ್ತು ಪುಣ್ಯ.

ವಿಷಯ ಇಷ್ಟೇ. ಉತ್ತರ ಬೆಂಗಳೂರು ಭಾಗಕ್ಕೆ ಡಿಜಿಟಲ್ ತಂತ್ರಜ್ಞಾನ ಮತ್ತು ಕೌಶಲದ ಸರ್ಕಾರಿ ಯೋಜನೆಯೊಂದರ ಕರಡು ಬಂದಿದೆ. ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು. ಶುಕ್ರವಾರ ಯಲಹಂಕದಲ್ಲಿ ಸಭೆ, ಶನಿವಾರ ಕೊನೆಯ ದಿನ. ಅರವತ್ತೆಂಟು ಪುಟದ ಕರಡನ್ನು ಈ ಊರಿನಲ್ಲಿ ಪೂರ್ತಿ ಓದಿದವರು ರಾಧಾಮಣಿ ಒಬ್ಬರೇ. ನಲವತ್ತೊಂದನೇ ಪುಟದಲ್ಲಿ ಅವರ ಕಣ್ಣು ನಿಂತಿತು: ತರಬೇತಿ ಯಲಹಂಕದಲ್ಲಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದು.

"ಎರಡು ಹೊತ್ತು ಹಾಲು ಕರೆಯೋರು ಯಾರೂ ಆ ಹೊತ್ತಿಗೆ ಹೋಗಕ್ಕಾಗಲ್ಲ. ಯೋಜನೆ ಬರೆದೋರು ಹಸು ಕಟ್ಟಿಲ್ಲ, ಅವ್ರದೇನೂ ತಪ್ಪಿಲ್ಲ. ನಾವು ಹೇಳ್ಬೇಕಷ್ಟೇ. ಗ್ರಂಥಾಲಯ ಮಧ್ಯಾಹ್ನ ಖಾಲಿನೇ ಇರತ್ತೆ, ಅಲ್ಲೇ ಮಾಡ್ಲಿ" ಎನ್ನುತ್ತಾರೆ.

ಹಾಗಾದರೆ ಕೊನೆಯ ಗಳಿಗೆಯಲ್ಲಿ ಈ ಓಡಾಟ ಏಕೆ? ಕೇಳಿದರೆ ರಾಧಾಮಣಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು ನಗುತ್ತಾರೆ. ಮಾಡಿದ್ದುಣ್ಣೋ ಮಹರಾಯ.

ಹದಿನೈದು ದಿನದ ಹಿಂದೆಯೇ ನಲವತ್ತಮೂರು ಜನರ ಅಭಿಪ್ರಾಯವನ್ನು ಅವರು ತಮ್ಮ ಫೋನಿನಲ್ಲೇ ಒಂದೊಂದಾಗಿ ಟೈಪು ಮಾಡಿ ಯೋಜನೆಯ ಜಾಲತಾಣಕ್ಕೆ ಕಳಿಸಿದ್ದರು. ಪ್ರತಿಯೊಂದಕ್ಕೂ ಮೊಬೈಲ್ ನಂಬರ್ ಕೊಡಬೇಕು, ಅದಕ್ಕೆ ಓಟಿಪಿ ಬರುತ್ತದೆ. ಊರಿನ ಹೆಚ್ಚಿನ ಮನೆಗಳಲ್ಲಿ ಇರುವ ಒಂದು ಫೋನು ಗಂಡನ ಜೇಬಿನಲ್ಲಿ ಜಾಲಹಳ್ಳಿಗೋ ಕೆಂಪಾಪುರಕ್ಕೋ ಕೆಲಸಕ್ಕೆ ಹೋಗಿರುತ್ತದೆ. ಊರಿನ ಅರ್ಧ ಅರ್ಜಿಗಳಲ್ಲಿ ಇರುವುದು ರಾಧಾಮಣಿ ಅವರ ನಂಬರೇ. ಗ್ಯಾಸಿಗೂ ಅದೇ, ಪಹಣಿಗೂ ಅದೇ. ಇದಕ್ಕೂ ಅದನ್ನೇ ಹಾಕಿದರು.

ಮಂಗಳವಾರ ಸಭೆಯ ಸಮಯ ವಿಚಾರಿಸಲು ಯಲಹಂಕದ ಕಚೇರಿಗೆ ಫೋನು ಮಾಡಿದಾಗ ಸುಮ್ಮನೆ ಕೇಳಿದರಂತೆ, ನಮ್ಮೂರಿಂದ ಎಷ್ಟು ಬಂದಿದೆ ಎಂದು. "ಒಂದು" ಎಂಬ ಉತ್ತರ ಬಂತು. ಒಂದು ನಂಬರಿಗೆ ಒಂದೇ ಅಭಿಪ್ರಾಯ. ಹೊಸದು ಕಳಿಸಿದಾಗಲೆಲ್ಲ ಹಳೆಯದು ಅಳಿಸಿಹೋಗಿದೆ. ಉಳಿದದ್ದು ಕೊನೆಯದು ಮಾತ್ರ. ಡೈರಿಗೆ ಎಲ್ಲರಿಗಿಂತ ಕೊನೆಗೆ ಬರುವ ಬ್ಯಾಟರಾಯಪ್ಪನವರದು. ಅದರಲ್ಲಿದ್ದದ್ದು ಒಂದೇ ಸಾಲು: "ಇದೆಲ್ಲ ಬ್ಯಾಡ."

"ಇಡೀ ಊರೇ ಬೇಡ ಅಂದಂಗಾಯ್ತಲ್ಲ! ಅವತ್ತು ಊಟ ಸೇರ್ಲಿಲ್ಲ ನಂಗೆ. ನನ್ನ ನಂಬ್ಕೊಂಡು ಮಾತಾಡಿದ್ರು ಅವ್ರೆಲ್ಲ. ಅಳಿಸಿದ್ದು ನಾನೇ ಅಲ್ವಾ?"

ಪ್ರಕಟಣೆಯನ್ನು ಮತ್ತೆ ಓದಿದಾಗ ಕೆಳಗೊಂದು ಸಾಲು ಸಿಕ್ಕಿತು: ಸಭೆಯಲ್ಲೂ, ಶನಿವಾರ ಸಂಜೆ ಐದರವರೆಗೆ ಕಚೇರಿಯಲ್ಲೂ ಲಿಖಿತ ಅಭಿಪ್ರಾಯ ಪಡೆಯಲಾಗುವುದು. ಬುಧವಾರ ನಸುಕಿಗೇ ಡೈರಿ ಮುಂದೆ ಕುರ್ಚಿ ಬಿತ್ತು.

ರಾಧಾಮಣಿ ಅವರಿಗೆ ಈ ಕೆಲಸ ಯಾರೂ ಹೇಳಿದ್ದಲ್ಲ, ಇದಕ್ಕೆ ಸಂಬಳವೂ ಇಲ್ಲ. ಮದುವೆಯಾಗಿ ಬಂದಾಗ ಅವರು ಪಿಯುಸಿ ಓದಿದ್ದ ಸೊಸೆ. ಅಂದಿನಿಂದಲೂ ಊರಿನ ಕಾಗದಗಳೆಲ್ಲ ಅವರ ಜಗುಲಿಗೇ ಬರುತ್ತವೆ. ಹದಿನೇಳು ವರ್ಷದಿಂದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಾರೆ. ದಿನಕ್ಕೆ ಮೂವತ್ತು ಜನ ಬಂದರೆ ಹತ್ತು ಮಂದಿ ಪುಸ್ತಕಕ್ಕೆ, ಇಪ್ಪತ್ತು ಮಂದಿ ಅರ್ಜಿಗೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಂಡ ಕಾಲೆಳೆಯುತ್ತಾರೆ. ಬುಧವಾರದಿಂದ ಮನೆಯಲ್ಲಿ ಉಪ್ಪಿಟ್ಟು ಕಲಕುತ್ತಿರುವವರೂ ಅವರೇ.

ಗುರುವಾರದ ಸಾಲಿನಲ್ಲಿ ಕೊನೆಯವರು ಬ್ಯಾಟರಾಯಪ್ಪ. ಊರೆಲ್ಲ ರೇಗಿಸಿದ್ದರಿಂದ ಮುಖ ಗಂಟು ಹಾಕಿಕೊಂಡಿದ್ದಾರೆ. "ನಂಗ್ ಬ್ಯಾಡ ಅಂದಿದ್ದು ಕಣಮ್ಮ. ಊರಿಗೆಲ್ಲ ನಾನ್ಯಾಕೆ ಮಾತಾಡ್ಲಿ? ನಂಗ್ ಬ್ಯಾಡ ಅಂತ್ಲೇ ಬರ್ಕೋ." ರಾಧಾಮಣಿ ಹಾಗೆಯೇ ಬರೆದುಕೊಳ್ಳುತ್ತಾರೆ. ಆ ಹಾಳೆಯನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದರೆ ತಲೆಯಾಡಿಸುತ್ತಾರೆ. "ಅದು ಅವ್ರ ಮಾತು. ಒಂದ್ಸಲ ಅಳಿಸಿದ್ದೇ ಸಾಕು."

ಶುಕ್ರವಾರ ಯಲಹಂಕದ ಸಭಾಂಗಣ. ಕುರ್ಚಿಗಳಲ್ಲಿ ಅರವತ್ತು ಜನ, ಹೆಚ್ಚಿನವರು ತರಬೇತಿ ಸಂಸ್ಥೆಗಳವರು. ತೆರೆಯ ಮೇಲೆ ಚಿತ್ರಗಳು ಓಡುತ್ತಿವೆ. ತಮ್ಮ ಸರದಿ ಬಂದಾಗ ರಾಧಾಮಣಿ ಎರಡೇ ನಿಮಿಷ ಮಾತನಾಡಿ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಡುತ್ತಾರೆ. ಅಧಿಕಾರಿ ಒಳ್ಳೆಯವರು. "ಎಲ್ಲಾ ಒಂದೇ ವಿಷಯ ಅಲ್ವೇನಮ್ಮ? ಒಂದೇ ಮನವಿ ಅಂತ ಮಾಡಿ ಒಂದು ಸೀಲು ಹಾಕ್ಕೊಡ್ತೀವಿ" ಎನ್ನುತ್ತಾರೆ.

"ಬೇಡಿ ಸಾರ್. ಹೋದ್ಸಲ ಒಂದೇ ಅಂತಾಗಿ ಎಲ್ಲಾ ಹೋಯ್ತು. ನಲವತ್ಮೂರು ಜನ ಇದಾರೆ. ನಲವತ್ಮೂರು ಸೀಲು ಹಾಕಿಸ್ಕೊಡಿ."

ಅವರು ಜಾಗ ಬಿಟ್ಟು ಕದಲುವುದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಗಡಿಯಾರ ನೋಡಿಕೊಳ್ಳುತ್ತಾರೆ. ಅಧಿಕಾರಿ ತಲೆಯಾಡಿಸಿದ ಮೇಲೆ ಕಚೇರಿ ಸಹಾಯಕ ಮಣಿಕಂಠ ಸೀಲು ತೆಗೆಯುತ್ತಾರೆ. ಪ್ರತಿ ಹಾಳೆಗೂ ಒಂದು, ಅದರ ಝೆರಾಕ್ಸಿಗೂ ಒಂದು. ಇಪ್ಪತ್ತು ನಿಮಿಷ ಸಭಾಂಗಣದ ಮೂಲೆಯಲ್ಲಿ ಟಪ್ ಟಪ್ ಸದ್ದು. ಕರಡು ಬದಲಾಗುತ್ತದೋ ಇಲ್ಲವೋ, ಅಲ್ಲಿ ಯಾರೂ ಮಾತು ಕೊಡುವುದಿಲ್ಲ.

ಶನಿವಾರ ಬೆಳಿಗ್ಗೆ ಮತ್ತೆ ಡೈರಿ. ರಾಧಾಮಣಿ ಹೆಸರು ಕೂಗಿ ಸೀಲು ಬಿದ್ದ ಪ್ರತಿ ಹಂಚುತ್ತಿದ್ದಾರೆ. "ಇದು ನನ್ನೊಬ್ಬಳ್ದೇ ಕಾಗ್ದಾನಾ?" ಎಂದು ಮುನಿಗಂಗಮ್ಮ ಎರಡು ಸಲ ಕೇಳಿ, ಮಡಚಿ, ಹಾಲಿನ ಕೈ ತಾಗದಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ರಾಧಾಮಣಿ ಅವರ ಆಸೆ ದೊಡ್ಡದಲ್ಲ. "ಕ್ಲಾಸು ಇಲ್ಲಿಗೇ ಬಂದ್ರೆ ಮೊದಲ್ನೇ ಹೆಸರು ನಂದೇ. ನಂಗೂ ಪೂರ್ತಿ ಗೊತ್ತಿಲ್ಲ ಅಂತ ಗೊತ್ತಾಯ್ತಲ್ಲ. ಆಮೇಲೆ ಅವರವರ ನಂಬರ್ ಅವರವರೇ ಒತ್ಲಿ. ಸಾಕು."

ಅಷ್ಟರಲ್ಲಿ ಅವರ ಫೋನು ಟಿಂಗ್ ಎನ್ನುತ್ತದೆ. ಗ್ಯಾಸಿನ ಓಟಿಪಿ. "ಯಾರ್ದ್ರೀ ಇದು?" ಎಂದು ಸಾಲಿನತ್ತ ಕೂಗುತ್ತಾರೆ. ಸಾಲಿನ ಕೊನೆಯಲ್ಲಿ ಒಂದು ಕೈ ಮೆಲ್ಲಗೆ ಮೇಲೇಳುತ್ತದೆ. ಬ್ಯಾಟರಾಯಪ್ಪನವರದು. ಇಡೀ ಡೈರಿ ಗೊಳ್ಳೆಂದು ನಗುತ್ತದೆ.

ರಾಧಾಮಣಿ ನಗುವುದಿಲ್ಲ. "ಇವತ್ತು ಐದರವರೆಗೂ ಟೈಮಿದೆ ಬ್ಯಾಟರಾಯಪ್ಪಾವ್ರೇ. ಏನಾದ್ರೂ ಬದಲಾಯಿಸ್ಬೇಕಾ?"

ಅವರು ಕ್ಯಾನಿನ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಾರೆ. "ಅಂದಿದ್ದು ಅಂದಂಗೇ ಇರ್ಲಿ. ಕೆಳಗೆ ಒಂದ್ ಸಾಲು ಸೇರ್ಸು. ಅನ್ನೊಂದಕ್ಕಾದ್ರೆ ಬತ್ತೀನಿ ಅಂತ."

ರಾಧಾಮಣಿ ಹೊಸ ಹಾಳೆ ತೆಗೆಯುತ್ತಾರೆ. ಬ್ಯಾಟರಾಯಪ್ಪ ಹೆಬ್ಬೆಟ್ಟು ಒತ್ತಿ, ಬೆರಳು ಪಂಚೆಗೆ ಒರೆಸಿಕೊಂಡು ಹೇಳುತ್ತಾರೆ: "ಅದಕ್ಕೂ ಒಂದು ಸೀಲು ಆಕಿಸ್ಕೊಂಡು ಬಾ."