ನಾಲ್ಕು ಮೂಲೆಯ ಅರಿಶಿನ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನಿಗೆ ಊರಿನವರು ತೋರಿಸುವ ಕೃತಜ್ಞತೆ ಏನೆಂದರೆ, ಊರಿನ ಇಂಗ್ಲಿಷ್ ಕೆಲಸವನ್ನೆಲ್ಲ ತಂದು ಅವನ ತಲೆಗೆ ಕಟ್ಟುವುದು. ರಾಮನಗರದಲ್ಲಿ ನನಗೆ ಅದೇ ಆಗಿತ್ತು. ಪಾಸ್‌ಪೋರ್ಟ್ ಅರ್ಜಿ, ದುಬೈನಿಂದ ಬಂದ ಕಾಗದ, ಮಾತ್ರೆ ಡಬ್ಬದ ಮೇಲಿನ ಸಣ್ಣಕ್ಷರ, ಎಲ್ಲಕ್ಕೂ ‘ಮೇಷ್ಟ್ರೇ, ಒಸಿ ನೋಡಿ’. ಇಲ್ಲ ಅನ್ನುವುದಕ್ಕೂ ತ್ರಾಣ ಬೇಕು. ಐವತ್ತು ದಾಟಿದ ಮೇಲೆ ನನ್ನಲ್ಲಿ ಅದು ಉಳಿದಿರಲಿಲ್ಲ. ಹಾಗಾಗಿ ಊರಿನ ವಾರಪತ್ರಿಕೆಯವನು ಒಂದು ಸಂಜೆ ಮನೆಗೆ ಬಂದು, ಪರದೇಶದ ಹುಡುಗಿಯೊಬ್ಬಳ ಸಂದರ್ಶನ ಮಾಡಿಕೊಡಬೇಕು ಎಂದಾಗಲೂ ‘ಆಗಲಿ ಮಾರಾಯ’ ಅಂದುಬಿಟ್ಟೆ.

ಪತ್ರಿಕೆ ಅಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಅವನದು ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸು. ಮಿಷನ್ ಖಾಲಿ ನಿಲ್ಲಬಾರದೆಂದು ವಾರಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ಹೊರಡಿಸುತ್ತಿದ್ದ.

“ಮದ್ವೆ ಸೀಜನ್ನು ಸಾರ್. ಸೀರೆ ಅಂಗ್ಡಿಯೋರು ಅರ್ಧ ಪೇಜು ಜಾಹೀರಾತು ಕೊಡ್ತಾವ್ರೆ. ಅದ್ರ ಪಕ್ಕದಲ್ಲಿ ಫಾರಿನ್ ಹುಡ್ಗಿ, ರೇಷ್ಮೆ, ಫೋಟೋ ಅಂತ ಬಂದ್ರೆ ಎಂಗಿರ್ತದೆ ಯೋಳಿ!” ಎಂದ. ಚೆನ್ನಾಗಿರುತ್ತೆ ಎಂದೆ. ಅವನು ಬೇಗ ಎದ್ದು ಹೋದರೆ ಸಾಕಾಗಿತ್ತು ನನಗೆ.

ಹುಡುಗಿ ಮಡಗಾಸ್ಕರ್‌ನವಳು. ಭೂಪಟದಲ್ಲಿ ಆಫ್ರಿಕಾದ ಪಕ್ಕಕ್ಕೆ ಸಮುದ್ರದ ನಡುವೆ ಇರುವ ಆ ದೇಶವನ್ನು ಮಕ್ಕಳಿಗೆ ಕೋಲಿನ ತುದಿಯಿಂದ ತೋರಿಸಿದ್ದೇನೆ, ಅಲ್ಲಿಯವರನ್ನು ನೋಡಿರಲಿಲ್ಲ. ಚನ್ನಪಟ್ಟಣದಲ್ಲಿ ರೇಷ್ಮೆ ತರಬೇತಿಗೆಂದು ಬಂದಿದ್ದವಳು, ಕೊನೆಯ ಮೂರು ತಿಂಗಳು ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ, ಹುಳ ಸಾಕುವವರ ಮನೆಯಲ್ಲೇ ಉಳಿದು ಕೆಲಸ ಕಲಿಯುತ್ತಿದ್ದಳು. ಭಾನುವಾರದ ಬಿಸಿಲಿನಲ್ಲಿ ಎರಡು ಬಸ್ಸು ಹತ್ತಿ ಇಳಿದು ಹೋದೆ. ಕಿಟಕಿಯಾಚೆ ಸಾವನದುರ್ಗ ಬಂತು, ಹೋಯಿತು. ನಾನು ಮುಕ್ಕಾಲು ದಾರಿ ತೂಕಡಿಸಿದ್ದೆ. ಜೇಬಿನಲ್ಲಿ ಹನ್ನೆರಡು ಪ್ರಶ್ನೆ ಬರೆದ ಚೀಟಿ ಇತ್ತು: ನಿಮ್ಮ ಊಟ ಏನು, ಹಬ್ಬ ಯಾವುದು, ನಮ್ಮ ದೇಶ ಹೇಗನ್ನಿಸಿತು. ಎಂಟನೇ ತರಗತಿಯ ಪ್ರಬಂಧಕ್ಕೆ ಕೊಡುವಂಥವು.

ಆ ಮನೆಯಾಕೆಯನ್ನು ಊರೆಲ್ಲ ಗೌಡಮ್ಮ ಎಂದು ಕರೆಯುತ್ತಿತ್ತು. ಅಗಲ ಹಣೆ, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ಗಂಟಲು. “ಬನ್ನಿ ಮೇಷ್ಟ್ರೇ, ಕಾಲು ತೊಳ್ಕಳಿ, ಹುಳ ಜ್ವರಕ್ಕೆ ಕುಂತವೆ” ಅಂದರು. ಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಮಂಕಾಗಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಮನೆಯಲ್ಲಿ ಗಲಾಟೆ ಇರಬಾರದು, ಮೈಲಿಗೆಯವರು ಹೊಸಲು ದಾಟಬಾರದು. ಗೌಡಮ್ಮ ಮಾತ್ರ ಎಷ್ಟು ಜೋರಾಗಿ ಬೇಕಾದರೂ ಮಾತಾಡಬಹುದು.

ಹುಡುಗಿ ಹಿತ್ತಲಲ್ಲಿ ನೆಲದ ಮೇಲೆ ಕೂತಿದ್ದಳು. ನಾಲ್ಕು ಗೂಟ ಹೊಡೆದು, ಎರಡು ಬಿದಿರು ಗಳಕ್ಕೆ ಎಳೆ ಕಟ್ಟಿ, ಮೊಣಕಾಲೂರಿ ನೇಯುತ್ತಿದ್ದಳು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡುಗಳನ್ನು ನಮ್ಮವರು ಕಡೆಗಣಿಸುತ್ತಾರೆ, ಅದರಿಂದ ಉದ್ದ ಎಳೆ ಬರುವುದಿಲ್ಲ. ಅವಳು ಅಂಥವನ್ನೇ ಚೀಲಗಟ್ಟಲೆ ಕೇಳಿ ತಂದು, ಬೇಯಿಸಿ, ಕೈಯಲ್ಲೇ ನೂಲು ತೆಗೆದಿದ್ದಳಂತೆ. ಬಟ್ಟೆ ಒರಟಾಗಿತ್ತು, ಬಣ್ಣ ಹಾಲಿನ ಕೆನೆಯದು. ಅಗಲ ಕಡಿಮೆ, ಇಂಥ ಮೂರು ಪಟ್ಟಿ ನೇಯ್ದು ಜೋಡಿಸಿ ಹೊಲಿದರೆ ಒಂದು ದೊಡ್ಡ ಹೊದಿಕೆ.

ಹನ್ನೆರಡು ಪ್ರಶ್ನೆಗೂ ಪಾಪ, ಉತ್ತರ ಕೊಟ್ಟಳು. ಅವಳ ಇಂಗ್ಲಿಷ್ ತುಂಡುತುಂಡಾಗಿತ್ತು, ನಡುನಡುವೆ ಫ್ರೆಂಚ್ ನುಸುಳುತ್ತಿತ್ತು. ಅವರಲ್ಲಿ ಮೂರು ಹೊತ್ತೂ ಅನ್ನವಂತೆ. ತಳ ಹಿಡಿದ ಅನ್ನದ ಪಾತ್ರೆಗೆ ನೀರು ಹಾಕಿ ಕುದಿಸಿ, ಊಟದ ಜೊತೆ ಆ ನೀರನ್ನೇ ಕುಡಿಯುತ್ತಾರಂತೆ. ಗೂಡಿನೊಳಗಿನ ಹುಳವನ್ನು ಹುರಿದು ತಿನ್ನುತ್ತಾರಂತೆ. ಇದನ್ನು ಕನ್ನಡದಲ್ಲಿ ಹೇಳಿದ್ದಕ್ಕೆ ಗೌಡಮ್ಮ, “ಶಿವ್ ಶಿವಾ, ನಮ್ಮನೆ ಹುಳದ್ ಮ್ಯಾಲೆ ಕಣ್ಣಿಕ್ಕಬ್ಯಾಡ ಅಂತ ಯೋಳಿ” ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹುಡುಗಿಯೂ ನಕ್ಕಳು.

ಕೊನೆಗೆ, ಎದ್ದೇಳುವ ಆತುರದಲ್ಲಿ, ಈ ಬಟ್ಟೆ ಯಾರಿಗೆ ಎಂದು ಕೇಳಿದೆ. ಚೀಟಿಯಲ್ಲಿ ಇಲ್ಲದ ಪ್ರಶ್ನೆ ಅದೊಂದೇ.

ಅಪ್ಪನಿಗೆ ಎಂದಳು. ಅಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಅವರ ಊರಿನಲ್ಲಿ ರೇಷ್ಮೆ ಇರುವುದೇ ಸತ್ತವರಿಗೆ. ಕೆಲವು ವರ್ಷಕ್ಕೊಮ್ಮೆ ಮನೆಯವರೆಲ್ಲ ಸೇರಿ ಸಮಾಧಿ ತೆರೆದು, ಹಿರಿಯರ ಮೂಳೆಗಳನ್ನು ಹೊರಗೆ ತಂದು, ಹೊಸ ರೇಷ್ಮೆ ಸುತ್ತಿ, ಹಾಡಿ ಕುಣಿದು, ಮನೆಯ ಸುದ್ದಿಯನ್ನೆಲ್ಲ ಅವರಿಗೆ ಹೇಳಿ ಮತ್ತೆ ಮಲಗಿಸುತ್ತಾರೆ. ಅಪ್ಪ ಸತ್ತಾಗ ರೇಷ್ಮೆ ಕೊಳ್ಳುವ ಶಕ್ತಿ ಇರಲಿಲ್ಲ, ಹಳೆಯ ಹತ್ತಿ ಬಟ್ಟೆಯಲ್ಲೇ ಸುತ್ತಿ ಕಳಿಸಿದ್ದರು. ಈ ವರ್ಷ ಸಮಾಧಿ ತೆರೆಯುತ್ತಾರೆ. ಮುಂದಿನ ಸಲ ತೆರೆಯುವ ಹೊತ್ತಿಗೆ ಅಮ್ಮ ಇರುತ್ತಾಳೋ ಇಲ್ಲವೋ. ತಿಂಗಳ ಕೊನೆಗೆ ಅವಳು ಹೊರಡಬೇಕು, ಅಷ್ಟರೊಳಗೆ ಬಟ್ಟೆ ಮುಗಿಯಬೇಕು. ‘ಅಪ್ಪನಿಗೆ ಚಳಿಯಾಗಿರುತ್ತೆ’ ಎಂದಳು. ಇಷ್ಟನ್ನು ಹೇಳಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ನಾನು ಎಲ್ಲವನ್ನೂ ಬರೆದುಕೊಂಡೆ. ಕೊನೆಯ ಬಸ್ಸು ತಪ್ಪುತ್ತದೆಂಬ ಗಡಿಬಿಡಿಯಲ್ಲಿ ಗೌಡಮ್ಮನಿಗೆ ಇದನ್ನು ಕನ್ನಡದಲ್ಲಿ ಹೇಳಲಿಲ್ಲ.

ಬರೆದದ್ದನ್ನು ಪ್ರೆಸ್ಸಿನವನು ಓದಿ, ತಲೆ ಮೇಲೆ ಕೈ ಹೊತ್ತು ಕೂತ. “ಏನ್ ಸಾರ್ ಇದು! ನಮ್ಮೂರಲ್ಲಿ ಬೆಳಗೆದ್ದು ಗೂಡು ಬೇಯ್ಸೋ ಬೇಸಿನ್ ಮುಂದೆ ಕೂರೋ ಜನ ಓದೋದಿದು. ರೇಷ್ಮೆ ಹೆಣಕ್ಕೆ ಅಂತ ಬರ್ದ್ರೆ ಉಗೀತಾರೆ. ಪಕ್ಕದಲ್ಲಿ ಧಾರೆ ಸೀರೆ ಜಾಹೀರಾತು ಬೇರೆ. ಒಂದೆಲ್ಡು ಸಾಲು ಅತ್ಲಾಗೆ ಇತ್ಲಾಗೆ ಮಾಡ್ಕೊಡಿ.”

ಸಿಟ್ಟು ಬಂತು. ಆಮೇಲೆ ಸಿಟ್ಟು ಮಾಡಿಕೊಳ್ಳಲೂ ಬೇಜಾರಾಯಿತು. ಮನೆಯಲ್ಲಿ ಉತ್ತರಪತ್ರಿಕೆಯ ಕಟ್ಟು ಹಾಗೇ ಬಿದ್ದಿತ್ತು, ಬೆನ್ನು ನೋಯುತ್ತಿತ್ತು. ಮಡಗಾಸ್ಕರ್‌ನಲ್ಲಿ ಯಾರು ಕನ್ನಡ ಓದುತ್ತಾರೆ? ಅಲ್ಲೇ ಸ್ಟೂಲಿನ ಮೇಲೆ ಕೂತು ಅರ್ಧ ಪುಟ ಹೊಡೆದುಹಾಕಿ ಹೊಸದಾಗಿ ಬರೆದೆ: ಅವರ ನಾಡಿನಲ್ಲಿ ಮದುವಣಗಿತ್ತಿ ತನ್ನ ಧಾರೆಯ ರೇಷ್ಮೆಯನ್ನು ತಾನೇ ನೇಯುತ್ತಾಳೆ, ಈ ಹೆಣ್ಣುಮಗಳೂ ನಮ್ಮ ಮಾಗಡಿ ಸೀಮೆಯ ಗೂಡಿನಿಂದ ತನ್ನ ಮದುವೆಯ ವಸ್ತ್ರವನ್ನು ಸಿದ್ಧಪಡಿಸಿಕೊಳ್ಳುತ್ತಿದ್ದಾಳೆ. ಓದಿದರೆ ಚೆನ್ನಾಗಿಯೇ ಇತ್ತು. ಪ್ರೆಸ್ಸಿನವನು ಖುಷಿಯಾಗಿ ಕಾಫಿ ತರಿಸಿದ.

ಪತ್ರಿಕೆಯ ಎರಡು ಪ್ರತಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಗೌಡಮ್ಮನ ಮನೆಗೆ ಕಳಿಸಿ ನಾನು ಆ ವಿಷಯ ಮರೆತೆ.

ತಿಂಗಳ ಕೊನೆಯ ವಾರ ಶಾಲೆಗೆ ಫೋನ್ ಬಂತು. ಗೌಡಮ್ಮನೇ, ಊರಿನ ಅಂಗಡಿಯಿಂದ. “ಮೇಷ್ಟ್ರೇ, ಎಲ್ಲಿದ್ರೂ ಎದ್ ಬನ್ನಿ. ಹುಡ್ಗಿ ನಿನ್ನೆಯಿಂದ ಒಂದ್ ತುತ್ತು ಬಾಯ್ಗಿಟ್ಟಿಲ್ಲ. ಏನ್ ಕೇಳುದ್ರೂ ಅಳ್ತದೆ. ನಂಗೆ ಅದ್ರ ಭಾಷೆ ಬರಾಕಿಲ್ಲ, ಅದ್ಕೆ ನಂದು ಬರಾಕಿಲ್ಲ.”

ಹೋದೆ. ಗೌಡಮ್ಮ ಹೊಸಲಲ್ಲೇ ಕಾಯುತ್ತಿದ್ದರು. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದರು. “ಪೇಪರ್ರಲ್ಲಿ ಮದ್ವೆ ಬಟ್ಟೆ ಅಂತ ಬರ್ದಿದ್ರಲ್ಲ, ನನ್ ಮಗ ಓದಿ ಯೋಳ್ದ. ಅಯ್ಯೋ ತಾಯೀ, ಮನೇಲಿದ್ಕಂಡು ಒಂದ್ ಮಾತು ತಿಳಿಸ್ಲಿಲ್ವಲ್ಲ ಅನ್ಕಂಡೆ. ಮೊನ್ನೆ ಬಟ್ಟೆ ಹೊಲ್ದು ಮುಗುಸ್ತು. ಹೆತ್ತೋರು ದೂರದಲ್ಲವ್ರೆ, ನಾವೇ ತಾಯಿ ಕಡೆಯೋರು ಅಂತ ಐದು ಜನ ಮುತ್ತೈದೇರ್ನ ಕರ್ದು, ಬಟ್ಟೆ ಹಸೆ ಮ್ಯಾಲಿಟ್ಟು ಸೋಬಾನೆ ಯೋಳ್ದೋ. ಅದೂ ನಗ್ತಾನೇ ಕುಂತಿತ್ತು. ನಾನು ಅರಿಶಿನ ಕಲಸಿ ನಾಕು ಮೂಲೆಗೂ ಹಚ್ಚುದ್ನೋ ಇಲ್ವೋ, ಹೋ ಅಂತ ಕಿರುಚ್ಬುಟ್ಟು ಬಟ್ಟೆ ಕಿತ್ಕಂತು. ನಾನೇನ್ ತಪ್ಪು ಮಾಡ್ದೆ ಯೋಳಿ?”

ಹೊಸ ಬಟ್ಟೆ ಬಂದರೆ ಮೂಲೆಗೆ ಅರಿಶಿನ ಸೋಕಿಸದೆ ನಮ್ಮಲ್ಲಿ ಯಾರು ಉಡುತ್ತಾರೆ? ಮದುವೆಯ ಬಟ್ಟೆಗಂತೂ ಕೇಳುವುದೇ ಬೇಡ.

ಹುಡುಗಿ ಒಳಗೆ ಗೋಡೆಗೊರಗಿ ಕೂತಿದ್ದಳು. ಬಟ್ಟೆ ಮಡಿಲಲ್ಲಿತ್ತು. ನಾಲ್ಕು ಮೂಲೆಯಲ್ಲೂ ಅಂಗೈ ಅಗಲದ ಹಳದಿ. ನನ್ನನ್ನು ಕಂಡವಳೇ ಕೇಳಿದ್ದು ಒಂದು ಮಾತು: “ಇದು ಶಾಪವಾ? ಇವರಿಗೆ ನಾನು ಏನು ಮಾಡಿದೆ? ಅಮ್ಮ ಅಂತಲೇ ಕರೀತಿದ್ದೆನಲ್ಲ.”

ಅಲ್ಲ ಅಂದೆ. ಶುಭಕ್ಕೆ ಹಚ್ಚುವುದು, ಮದುವೆಗೆ ಹಚ್ಚುವುದು ಅಂದೆ. ಯಾರ ಮದುವೆ ಎಂದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಪತ್ರಿಕೆಯಲ್ಲಿ ನಾನು ಏನು ಬರೆದೆ ಎಂಬುದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಜೀವಮಾನವೆಲ್ಲ ಆ ಭಾಷೆ ಕಲಿಸಿದವನಿಗೆ ಅವತ್ತು ನಾಲ್ಕು ವಾಕ್ಯ ಜೋಡಿಸಲು ಬೆವರು ಕಿತ್ತುಕೊಂಡು ಬಂತು.

ಅವಳು ಕೂಗಾಡಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆನೇನೋ. ನನ್ನನ್ನೇ ನೋಡಿ, “ನಾನು ಹೇಳುತ್ತಿದ್ದಾಗ ನೀವು ಬರೆದುಕೊಳ್ಳುತ್ತಿದ್ದಿರಲ್ಲ” ಅಂದಳು.

ಇನ್ನು ಗೌಡಮ್ಮನಿಗೆ ಹೇಳಬೇಕಾಗಿತ್ತು. ಹುಳದ ಮನೆಯಲ್ಲಿ ಮೂರು ತಿಂಗಳು ಸತ್ತವನೊಬ್ಬನ ಬಟ್ಟೆಗೆ ನೂಲು ತೆಗೆದಿದ್ದಾಳೆ ಎಂದು ಹೇಗೆ ಹೇಳುವುದು? ಸೂತಕ, ಮೈಲಿಗೆ ಅಂತ ರಂಪ ಮಾಡಿದರೆ? ಹೆದರುತ್ತಲೇ ಹೇಳಿದೆ. ಅವರ ಮುಖ ಬಿಗಿಯಿತು. ಒಂದು ಗಳಿಗೆ ಹುಳದ ಮನೆಯ ಬಾಗಿಲ ಕಡೆ ನೋಡಿದರು.

“ಬೆಳೆ ಚೆನ್ನಾಗೇ ಬಂತು ಬುಡಿ. ಹೋದೋರು ಏನ್ ಕೆಡಕು ಮಾಡಾರು” ಎಂದರು ಮೊದಲು. ಆಮೇಲೆ ಸಿಟ್ಟು ನನ್ನ ಕಡೆ ತಿರುಗಿತು. “ಓದ್ದೋರು ನೀವು. ಅವತ್ತೇ ಯೋಳಿದ್ರೆ ನಾನು ಬ್ಯಾಡ ಅಂತಿದ್ನಾ? ಹೆತ್ತಪ್ಪಂಗೆ ಅಂತ ಮಗು ಮಂಡಿಯೂರ್ಕಂಡು ನೇಯ್ತಿದ್ರೆ ಬ್ಯಾಡ ಅಂತಾರೇನ್ರೀ ಯಾರಾರ? ಎಂಥ ಮನ್ಷ್ಯರು ನೀವು!”

ಅಷ್ಟು ಹೇಳಿ ಒಳಗೆ ಹೋಗಿ ಹುಡುಗಿಯ ಪಕ್ಕ ಕೂತು, ಅವಳ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು. ನಾನು ಹೊರಗೇ ನಿಂತಿದ್ದೆ.

ಹೊರಡುವುದಕ್ಕೆ ಮೂರು ದಿನ ಉಳಿದಿತ್ತು. ಗೌಡಮ್ಮ ಅಂಟುವಾಳದ ನೊರೆಯಲ್ಲಿ ಮೂಲೆಗಳನ್ನು ಮತ್ತೆ ಮತ್ತೆ ನೆನೆಸಿ, ಎಳೆಬಿಸಿಲಿಗೆ ಹರವಿ, ಬಿಸಿಲು ಬಲಿಯುವ ಮೊದಲೇ ಎತ್ತಿ ಒಳಗಿಟ್ಟರಂತೆ. ಬಲವಾಗಿ ಉಜ್ಜಿದರೆ ಕೈನೂಲು ಕಿತ್ತು ಬರುತ್ತದೆ. ಆ ಮೂರು ದಿನದಲ್ಲಿ ನಾನೂ ಒಂದು ಕೆಲಸಕ್ಕೆ ಹೊರಟೆ. ತಪ್ಪೊಪ್ಪಿಗೆಯ ನಾಲ್ಕು ಸಾಲು ಅಚ್ಚುಹಾಕಿಸೋಣವೆಂದು ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನವನು ಯಾರದೋ ಲಗ್ನಪತ್ರಿಕೆಯ ಪ್ರೂಫ್ ಕೈಗೆ ಕೊಟ್ಟು, “ಒಸಿ ಇಂಗ್ಲಿಷ್ ನೋಡಿ ಸಾರ್” ಎಂದ. ನೋಡಿಕೊಟ್ಟೆ. ನಾಲ್ಕು ಸಾಲಿನ ಮಾತು ಎತ್ತದೆ ಮನೆಗೆ ಬಂದು ಮಲಗಿದೆ.

ಅವಳು ಹೊರಡುವ ದಿನ ಹಳ್ಳಿಯ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಹಳದಿ ತಿಳಿಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಬಟ್ಟೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಗೌಡಮ್ಮ ರಾಗಿ ಹುರಿಹಿಟ್ಟಿನ ಡಬ್ಬವನ್ನು ಅವಳ ಚೀಲಕ್ಕೆ ತುರುಕಿದರು, ಕೆನ್ನೆ ನೇವರಿಸಿ ನೆಟಿಕೆ ಮುರಿದರು, ಅತ್ತರು.

ಬಸ್ಸು ಕಂಡಾಗ ಹುಡುಗಿ ನನ್ನ ಕಡೆ ತಿರುಗಿದಳು. ಸಮಾಧಿ ತೆರೆದಾಗ ಅಪ್ಪನಿಗೆ ಎಲ್ಲ ಹೇಳಬೇಕು, ಈ ಹಳದಿ ಯಾರಿಂದ ಆಯಿತು ಅಂತಲೂ ಹೇಳಬೇಕು, ಇಲ್ಲದಿದ್ದರೆ ಅವರಿಗೆ ಗಾಬರಿಯಾಗುತ್ತದೆ, ಹೆಸರು ಬೇಕು ಎಂದಳು. ನಾನು ಅದನ್ನು ಗೌಡಮ್ಮನಿಗೆ ಕನ್ನಡದಲ್ಲಿ ಹೇಳಿದೆ.

“ನನ್ನೆಸ್ರೇ ಯೋಳ್ಲಿ” ಎಂದರು ಗೌಡಮ್ಮ, ಕಣ್ಣೊರೆಸಿಕೊಳ್ಳುತ್ತ. “ನಾನೇ ಹಚ್ದೆ. ಮನೆ ಮಗ್ಳು ಅಂತ ಹಚ್ದೆ, ಗೊತ್ತಿಲ್ದೆ ಹಚ್ದೆ, ತಪ್ಪು ತಿಳ್ಕಬ್ಯಾಡಿ ಅಂತ ಅವ್ರಪ್ಪಂಗೆ ಯೋಳ್ಲಿ.” ಹೆಸರು ಹೇಳಿದರು. ಎರಡು ಸಲ ಮನೆಗೆ ಹೋಗಿ ಬಂದಿದ್ದರೂ ಅವರ ಹೆಸರು ನನಗೆ ಗೊತ್ತಾದದ್ದು ಆಗಲೇ.

ಹುಡುಗಿ ಇನ್ನೂ ನನ್ನನ್ನೇ ನೋಡುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದ. ನಾನು ಜೇಬಿನಿಂದ ಪೆನ್ನು, ಒಂದು ಚೀಟಿ ತೆಗೆದು, ಗೌಡಮ್ಮನ ಹೆಸರನ್ನು ಇಂಗ್ಲಿಷಿನಲ್ಲಿ, ದುಂಡಗೆ, ಒಂದು ತಪ್ಪಿಲ್ಲದಂತೆ ಬರೆದು ಅವಳ ಕೈಗಿಟ್ಟೆ. ನನ್ನ ಹೆಸರು ಬರೆಯಲಿಲ್ಲ.