ಡಾಕ್ಟ್ರಮ್ಮ ಹೇಳದೆ ಬಿಟ್ಟ ಮಾತು

ಹೊಸನಗರದ ನಮ್ಮ ಹಲ್ಲಿನ ಡಾಕ್ಟ್ರಮ್ಮನ ಸೀರೆಯ ಮಡಿಲು ಯಾವಾಗಲೂ ಜೊಲ್ಲಿನಿಂದ ಒದ್ದೆಯಾಗಿರುತ್ತಿತ್ತು. ಪುಟ್ಟ ಮಕ್ಕಳನ್ನು ಅವರು ಆ ದೊಡ್ಡ ಕುರ್ಚಿಗೆ ಹತ್ತಿಸುತ್ತಿರಲಿಲ್ಲ. ತಾಯಿಯ ಎದುರು ಸ್ಟೂಲು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಮಗುವಿನ ಕಾಲು ತಾಯಿಯ ಕಡೆ, ತಲೆ ಇವರ ಮಡಿಲಲ್ಲಿ. ಅಳುವ ಮಗು ಬಾಯಿ ತೆರೆದೇ ಇರುತ್ತದಲ್ಲ, "ಅಳ್ಲಿ ಬಿಡಿ, ನಂಗೆ ಕೆಲ್ಸ ಸುಲಭ" ಎಂದು ನಗುತ್ತಿದ್ದರು.

ಮಾತು ಮಾತ್ರ ಖಾರ. ಜೇಬಿನಿಂದ ಚಾಕೊಲೇಟ್ ತೆಗೆದು ಮಗುವನ್ನು ಸಮಾಧಾನ ಮಾಡಲು ಹೋದ ಅಪ್ಪಂದಿರಿಗೆ ಕ್ಲಿನಿಕ್ಕಿನಲ್ಲೇ ಮಂಗಳಾರತಿ. "ಹಾಲುಹಲ್ಲು ತಾನೇ, ಹೆಂಗೂ ಬಿದ್ದೋಗುತ್ತೆ" ಎಂದವರಿಗೆಲ್ಲ ಒಂದೇ ಉತ್ತರ: "ಬಿದ್ದೋಗೋದು ನಿಜ. ಆದ್ರೆ ಮುಂದೆ ಬರೋ ಹಲ್ಲಿಗೆ ಸೀಟು ಹಿಡಿಯೋದು ಅದೇ. ಬಸ್ಸಲ್ಲಿ ಟವೆಲ್ ಹಾಕ್ತೀರಲ್ಲ, ಹಂಗೆ."

ನನ್ನ ಮಗಳಿಗೆ ಎರಡು ತುಂಬುವಷ್ಟರಲ್ಲಿ ಮೇಲಿನ ಮುಂದಿನ ಹಲ್ಲುಗಳು ಕಂದುಬಣ್ಣಕ್ಕೆ ತಿರುಗಿ ಮೊಂಡಾಗಿದ್ದವು. ಅನ್ನ ಬಾಯಿಗಿಟ್ಟರೆ ಚೀರುತ್ತಿದ್ದಳು. ನಾನು ಹುಂಚದ ಶಾಲೆಗೆ ಪಾಠಕ್ಕೆ ಹೋದಾಗ ಅವಳನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ. ರಾತ್ರಿ ಮಲಗುವುದೂ ಅವರ ಪಕ್ಕದಲ್ಲೇ. ಹಾಲಿನ ಬಾಟಲಿಗೆ ಜೋನಿಬೆಲ್ಲ ಬೆರೆಸಿ, ಅದನ್ನು ಬಾಯಲ್ಲಿಟ್ಟೇ ಮಲಗಿಸುವುದು ಅವರ ಅಭ್ಯಾಸ. ತಮ್ಮ ಮಕ್ಕಳನ್ನೆಲ್ಲ ಬೆಲ್ಲ ನೆಕ್ಕಿಸಿಯೇ ಬೆಳೆಸಿದವರು. ಕಾರಣ ಅದೇ ಇರಬೇಕೆಂಬ ಗುಮಾನಿ ನನಗಿತ್ತು. ಡಾಕ್ಟ್ರಮ್ಮನ ಬಾಯಿಂದಲೇ ಬರಲಿ, ಅತ್ತೆಗೆ ತಟ್ಟಲಿ ಎಂದೇ ಅವರನ್ನೂ ಬಸ್ಸು ಹತ್ತಿಸಿದ್ದೆ. ಅಷ್ಟು ಸಿಟ್ಟಿತ್ತು. ಮಗುವನ್ನು ಇನ್ನು ಅವರ ಕೈಗೆ ಕೊಡುವುದಿಲ್ಲ ಎಂದು ಗಂಡನಿಗೆ ಹೇಳಿಯೂ ಆಗಿತ್ತು.

ಡಾಕ್ಟ್ರಮ್ಮ ನನ್ನನ್ನು ಬಿಟ್ಟು ಅತ್ತೆಯನ್ನೇ ಎದುರು ಕೂರಿಸಿಕೊಂಡರು. ಪುಟ್ಟ ಕನ್ನಡಿ ಹಿಡಿದು ಹಲ್ಲುಗಳನ್ನು ನೋಡಿ, "ರಾತ್ರಿ ಏನ್ ಕುಡಿದು ಮಲಗ್ತಾಳೆ?" ಎಂದರು. ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ಕಾದೆ. ಡಾಕ್ಟ್ರಮ್ಮ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಮಗುವಿನ ಪಾದ ಹಿಡಿದಿದ್ದ ಅತ್ತೆಯ ಕೈ ನೋಡಿದರು. ಆ ಕೈ ಪಾದವನ್ನು ಮೆಲ್ಲಗೆ ಸವರುತ್ತಿತ್ತು.

"ಅಜ್ಜಿ, ಈ ಮಗು ನಿಮ್ ಮಾತು ಕೇಳುತ್ತೆ. ಅದಕ್ಕೆ ನಿಮ್ಗೇ ಹೇಳ್ತೀನಿ. ಬಾಟ್ಲಿ ಇವತ್ತಿಗೆ ಸಾಕು, ಲೋಟದಲ್ಲಿ ಬರೀ ಹಾಲು ಕೊಡಿ. ಕುಡಿದ ಮೇಲೆ ಅಕ್ಕಿಕಾಳಷ್ಟು ಪೇಸ್ಟ್ ಹಾಕಿ ನೀವೇ ಹಲ್ಲುಜ್ಜಿ ಮಲಗಿಸ್ಬೇಕು. ಬೇರೆಯವ್ರಿಗೆ ಬಿಡ್ಬೇಡಿ."

ಅಷ್ಟೇ. ಯಾಕೆ ಹೀಗಾಯಿತು ಎಂಬ ಮಾತೇ ಬರಲಿಲ್ಲ. ಒಂದು ಹಲ್ಲು ತೆಗೆಯಬೇಕಾಯಿತು, ಮಿಕ್ಕವನ್ನು ಅವರು ಉಳಿಸಿಕೊಟ್ಟರು. ಅತ್ತೆ ಹಲ್ಲುಜ್ಜಿಸುವುದನ್ನು ವ್ರತದಂತೆ ಹಿಡಿದರು. ಅಜ್ಜಿ ಮೊಮ್ಮಗಳು ಬಚ್ಚಲಿನಲ್ಲಿ ನಗುವುದು ಕೇಳುತ್ತ ಕೇಳುತ್ತ ನನ್ನ ಸಿಟ್ಟೂ ಇಳಿಯಿತು. ಬೆಲ್ಲದ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅತ್ತೆಗೆ ಏನೂ ತಿಳಿದಿಲ್ಲ ಎಂದೇ ನಾನು ನಂಬಿದ್ದೆ.

ಈ ವರ್ಷ ಡಾಕ್ಟ್ರಮ್ಮ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ನಾನು ಹೊರಟಾಗ, ಈಗ ಎಲ್ಲಿಗೂ ಹೊರಡದ ಅತ್ತೆ ತಾನೂ ಬರುತ್ತೇನೆಂದು ಹಠ ಹಿಡಿದರು. ಅಲ್ಲಿ ಡಾಕ್ಟ್ರಮ್ಮನ ಮಗಳ ಕೈ ಹಿಡಿದು ಹೇಳಿದರು: "ಮೊಮ್ಮಗಳ ಹಲ್ಲು ಹಾಳಾಗಿದ್ದು ನನ್ನಿಂದ್ಲೇ ಅಂತ ನಂಗೆ ಅವತ್ತೇ ಗೊತ್ತಾಯ್ತು ತಾಯಿ. ನಿಮ್ಮಮ್ಮ ಸೊಸೆ ಎದುರು ಹೇಳ್ಲಿಲ್ಲ. ಹೇಳಿದ್ರೆ ಆ ಮಗು ಮತ್ತೆ ನನ್ ಕೈಗೆ ಬರ್ತಿರ್ಲಿಲ್ಲ."

ಪಕ್ಕದಲ್ಲೇ ನಿಂತಿದ್ದ ನನಗೆ ತಲೆ ಎತ್ತಲಾಗಲಿಲ್ಲ. ಡಾಕ್ಟ್ರಮ್ಮನ ಋಣ ಅತ್ತೆಗಿಂತ ನನ್ನ ಮೇಲೇ ಹೆಚ್ಚು.