ಲಂಡನ್ನಿನ ಏರಿನಲ್ಲಿ ಬಂದ ಆನೆ ಮೆಸೇಜು

ಮೊನ್ನೆ ಬೆಳಿಗ್ಗೆ ನಾನು ಲಂಡನ್ನಿನಲ್ಲಿ ಸೈಕಲ್ ತುಳಿಯುತ್ತಿದ್ದಾಗ ನಮ್ಮ ಯಜಮಾನರು ಇಲ್ಲೇ ನಮ್ಮ ಚೆಟ್ಟಳ್ಳಿ ಹತ್ತಿರ ಆನೆಯ ಎದುರು ನಿಂತಿದ್ದರು.

ಎರಡೂ ನಿಜ. (ಲಂಡನ್ ಸ್ವಲ್ಪ ಕಡಿಮೆ ನಿಜ.) ಇವತ್ತಿನ ಅಂಕಣ ಅದರದೇ.

ವಿಷಯ ಏನೆಂದರೆ, ನನಗೆ ಶುಗರ್. ದಿನಾ ವಾಕಿಂಗ್ ಮಾಡಿ ಅಂದರು ಮೈಸೂರಿನ ಡಾಕ್ಟರು. ಅವರಿಗೇನು, ಹೇಳಿಬಿಟ್ಟರು. ನಮ್ಮ ಕಡೆ ಬೆಳಿಗ್ಗೆ ಎದುರಿಗೆ ಸಿಕ್ಕವರು ಕಾಫಿ ಆಯ್ತಾ ಎಂದು ಕೇಳುವುದಿಲ್ಲ, ಆನೆ ಎಲ್ಲಿದೆ ಎಂದು ಕೇಳುತ್ತಾರೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳದೆ ಯಾರೂ ಗೇಟು ದಾಟುವುದಿಲ್ಲ.

ಹಾಗಾಗಿ ನನ್ನ ತಮ್ಮ ಒಂದು ಸ್ಟ್ಯಾಂಡ್ ತಂದುಕೊಟ್ಟ. ಹಳೇ ಸೈಕಲ್ಲಿನ ಹಿಂದಿನ ಚಕ್ರವನ್ನು ಅದಕ್ಕೆ ಸಿಕ್ಕಿಸಿ, ಫೋನನ್ನು ಹ್ಯಾಂಡಲ್ಲಿಗೆ ಕಟ್ಟಿ, ಆ್ಯಪ್ ಹಾಕಿ ತುಳಿದರೆ ಆಯಿತು, ಲಂಡನ್! ನಿಜವಾದ ಊರನ್ನೇ ನೋಡಿ ಮಾಡಿದ ರಸ್ತೆಯಂತೆ. ನದಿ, ಎರಡು ಗೋಪುರದ ಸೇತುವೆ, ಅರಮನೆ, ಆಮೇಲೊಂದು ಏರು. ಪರದೆಯಲ್ಲಿ ಏರು ಬಂದರೆ ಇಲ್ಲಿ ನಮ್ಮ ಜಗಲಿಯಲ್ಲಿ ಪೆಡಲ್ ಬಿಗಿಯಾಗುತ್ತದೆ. ಚೂಡಿದಾರದ ವೇಲು ಸೊಂಟಕ್ಕೆ ಕಟ್ಟಿಕೊಂಡು ನಾನು ಅರಮನೆಯ ಮುಂದೆ ಹಾದುಹೋಗುವ ಗತ್ತು ನೀವು ನೋಡಬೇಕಿತ್ತು.

ನಮ್ಮವರಿಗೆ ಇದೆಲ್ಲ ತಮಾಷೆ. ನಿಂತಲ್ಲೇ ನಿಂತು ಯಾವ ಊರಿಗೆ ಹೋಗುತ್ತೀಯೆ ಎಂದು ರೇಗಿಸುತ್ತಾರೆ. ಅವರು ನಿಜವಾದ ರೋಡಿನ ಮನುಷ್ಯ. ದಿನಾ ಬೆಳಿಗ್ಗೆ ಡೈರಿಗೆ ನಡೆದುಹೋಗಿ ಹಾಲು ಹಾಕಿ, ಪೇಪರ್ ತೆಗೆದುಕೊಂಡು ಬರುತ್ತಾರೆ.

ಮೊನ್ನೆ ನನ್ನ ಹಳೇ ಫೋನಿನಲ್ಲಿ ಆ್ಯಪ್ ತೆರೆಯಲೇ ಇಲ್ಲ. ಅರ್ಧ ಗಂಟೆ ನಿಮ್ಮದು ಕೊಡಿ ಅಂದೆ. ಗೊಣಗಿದರು. ಇಷ್ಟು ಬೆಳಿಗ್ಗೆ ನಿಮಗೆ ಯಾರ ಫೋನ್ ಬರುತ್ತೆ ಅಂದೆ. ಕೊಟ್ಟರು.

ಅವರು ಹಾಲು ಸೋಸಿ ಕ್ಯಾನಿಗೆ ತುಂಬುವಷ್ಟರಲ್ಲಿ ನಾನು ಸೇತುವೆ ದಾಟಿದ್ದೆ. ಅವರು ಅಂಗಳ ಇಳಿದಾಗ ಏರು ಶುರುವಾಗಿತ್ತು. ಮುಂದೆ, ನನ್ನ ಹಾಗೇ ತನ್ನ ಮನೆಯಲ್ಲಿ ಕೂತು ಅದೇ ಆ್ಯಪ್ ತುಳಿಯುತ್ತಿದ್ದ ಯಾವುದೋ ದೇಶದ ಹೆಂಗಸು. ಇವಳನ್ನು ಹಿಂದೆ ಹಾಕಲೇಬೇಕು ಎಂದು ಹಲ್ಲು ಕಚ್ಚಿ ತುಳಿಯುತ್ತಿದ್ದೆ. ಆಗ ಟಣ್ ಎಂದು ಮೇಲಿನಿಂದ ಒಂದು ಪಟ್ಟಿ ಇಳಿಯಿತು. ನಮ್ಮ ಆನೆ ಗ್ರೂಪಿನ ಮೆಸೇಜು. (ಆನೆ ಕಂಡವರು ಕಂಡ ಜಾಗ ಹಾಕುವ ವಾಟ್ಸ್ಯಾಪ್ ಗ್ರೂಪು. ನಾವು ಹಲ್ಲುಜ್ಜುವ ಮೊದಲು ನೋಡುವುದು ಅದನ್ನೇ.) ಪರದೆಯ ಮೇಲೆ ರೋಡು ಮುಚ್ಚಿಹೋಯಿತು. ಬೆರಳಿನಿಂದ ಅತ್ತ ತಳ್ಳಿದೆ. ಇನ್ನೊಂದು ಬಂತು. ಅದನ್ನೂ ತಳ್ಳಿದೆ. ಹೆಂಗಸು ಹಿಂದೆ ಬಿದ್ದಳು. ಜೊತೆಗೆ ತುಳಿಯುತ್ತಿದ್ದ ಯಾರೋ ಪುಣ್ಯಾತ್ಮರು ಆ್ಯಪ್‌ನಲ್ಲೇ ನನಗೊಂದು ಥಂಬ್ಸ್ ಅಪ್ ಕೊಟ್ಟರು.

ಬೆವರು ಒರೆಸಿಕೊಳ್ಳುವ ಹೊತ್ತಿಗೆ ಅಂಗಳದಲ್ಲಿ ಪಕ್ಕದ ಎಸ್ಟೇಟಿನ ಜೀಪು ನಿಂತಿತು. ಇಳಿದವರು ನಮ್ಮವರು. ಮೈಯೆಲ್ಲ ಕೆಸರು. ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಕೈಯಲ್ಲಿ ಹಾಲಿನ ಕ್ಯಾನು, ಅಕ್ಕಿರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು.

ಜೊತೆಗಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಡೆದದ್ದು ಹೇಳಿದ. ತಿರುವಿನಲ್ಲಿ ಒಂಟಿ ಸಲಗ ಎದುರಾಗಿದೆ. ಇವರು ಕ್ಯಾನ್ ಬಿಸಾಕಿ ರಸ್ತೆ ಕೆಳಗಿನ ಮೋರಿಗೆ ನುಗ್ಗಿದ್ದಾರೆ. ಅದು ಕ್ಯಾನನ್ನು ಮೆಟ್ಟಿ, ಮೋರಿಯ ಬಾಯಿಗೆ ಸೊಂಡಿಲು ಹಾಕಿ ಹುಡುಕಿದೆ. ಜೀಪು ಬಂದು ಹಾರ್ನ್ ಹೊಡೆದ ಮೇಲೆ ತೋಟಕ್ಕೆ ಇಳಿಯಿತಂತೆ.

"ಗ್ರೂಪಲ್ಲಿ ಎರಡು ಸಲ ಹಾಕಿದ್ದೆ ಅಕ್ಕಾ," ಎಂದ ರೈಟರ್. "ಅಣ್ಣ ನೋಡ್ಲಿಲ್ಲ ಕಾಣ್ತದೆ."

ನಾನು ಒಳಗಿನಿಂದ ನೀರು ತಂದೆ. ನಮ್ಮವರು ಮೆಟ್ಟಿಲ ಮೇಲೆ ಕುಳಿತು ಎರಡು ಲೋಟ ನೀರು ಕುಡಿದರು.

"ಮೋರಿ ಒಳಗೆ ಕೂತು ಜೇಬು ಮುಟ್ಟಿ ನೋಡ್ಕೊಂಡೆ ಕಣೆ," ಅಂದರು. "ಫೋನ್ ನಿನ್ನ ಹತ್ರ ಇತ್ತಲ್ಲ." ಆಮೇಲೆ ಅವರೇ, "ಮೆಸೇಜ್ ಬಂದಿರಲ್ಲ ಬಿಡು. ಇಲ್ಲೆಲ್ಲಿ ನೆಟ್‌ವರ್ಕ್ ಇರುತ್ತೆ, ಅಲ್ವಾ?"

ಹೂಂ ಅಂದೆ.

(ನೆಟ್‌ವರ್ಕ್ ಇಲ್ಲದೆ ಲಂಡನ್ ಓಡುವುದಿಲ್ಲ ಎಂಬುದು ಪಾಪ ಅವರಿಗೆ ಗೊತ್ತಿಲ್ಲ.)

ನಾನು ಮೆಸೇಜು ಓದದೆ ತಳ್ಳಿದೆ ಅಂದುಕೊಂಡಿರಾ? ಓದಿದ್ದೆ. ಒಂಟಿ ಸಲಗ, ಡೈರಿ ರಸ್ತೆ, ತಿರುವಿನ ಹತ್ತಿರ. ಮೂರೂ ಓದಿದ್ದೆ. ಸದ್ಯ, ನಾನು ಆ ರಸ್ತೆಯಲ್ಲಿಲ್ಲ ಅನ್ನಿಸಿತು, ಅಷ್ಟೇ. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯ ಅದೇ ರಸ್ತೆಗೆ ಹೊರಟಿದ್ದಾರೆ ಎಂಬುದು ತಲೆಗೇ ಬರಲಿಲ್ಲ. ಆಗಿನ್ನೂ ಗೇಟಿನ ಚಿಲಕ ಹಾಕುವ ಸದ್ದು ಕೇಳಿಸುತ್ತಿತ್ತು. ಜಗಲಿಯಿಂದ ಒಂದು ಸಲ ಕೂಗಿದ್ದರೆ ಸಾಕಿತ್ತು. ಅವತ್ತಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ. ಆನೆ ತನ್ನ ಪಾಡಿಗೆ ಬಂತು, ಹೋಯಿತು. ನನಗೆ ಈಗ ಹೆದರಿಕೆ ನನ್ನ ಬೆರಳಿನದು.

ನೀವೂ ತಳ್ಳುತ್ತೀರಿ ತಾನೆ? ಎಲ್ಲೋ ಗುಡ್ಡ ಜಾರಿತಂತೆ, ಯಾರದೋ ಮನೆಗೆ ನೀರು ನುಗ್ಗಿತಂತೆ. ಓದುತ್ತೇವೆ, ಅಯ್ಯೋ ಅನ್ನುತ್ತೇವೆ, ನಮ್ಮ ಬೀದಿಯಲ್ಲವಲ್ಲ ಎಂದು ತಳ್ಳುತ್ತೇವೆ. ಅಭ್ಯಾಸ ಎಷ್ಟು ಚೆನ್ನಾಗಿ ಆಗಿದೆ ಎಂದರೆ, ನಾನು ನಮ್ಮ ಬೀದಿಯನ್ನೇ ತಳ್ಳಿಬಿಟ್ಟೆ.

ಮರುದಿನ ಬೆಳಿಗ್ಗೆ ನಮ್ಮವರೇ ಫೋನು ತಂದು ಹ್ಯಾಂಡಲ್ಲಿಗೆ ಕಟ್ಟಿದರು. ನಿನ್ನ ಶುಗರ್ ಮುಖ್ಯ, ತುಳಿ ಅಂದರು. ನನಗೆ ಅಳು ಬಂತು. ಬಿಚ್ಚಿ ಅವರ ಜೇಬಿಗೇ ಹಾಕಿದೆ. ಆದರೂ ಆ 'ಹೂಂ' ಸುಳ್ಳು ಎಂದು ಹೇಳಲು ಬಾಯಿ ಬರಲಿಲ್ಲ.

ಈ ಪೇಪರನ್ನೂ ಡೈರಿಯಿಂದ ಅವರೇ ತರುತ್ತಾರೆ. ನನ್ನ ಅಂಕಣವನ್ನು ದಾರಿಯಲ್ಲೇ ಓದಿಕೊಂಡು ಬರುವುದು ಅವರ ರೂಢಿ. ಇವತ್ತು ಇದನ್ನು ಓದಿ ಮುಗಿಸಿ ಅವರು ಗೇಟು ತೆಗೆಯುವ ಹೊತ್ತಿಗೆ ನಾನು ಎಲ್ಲಿರಲಿ ಹೇಳಿ, ಬಾಗಿಲಲ್ಲೋ, ಲಂಡನ್ನಿನಲ್ಲೋ?